ತೂಕ ಹೆಚ್ಚಿಸಬೇಕೋ ಇಳಿಸಬೇಕೋ: ಎಣ್ಣೆ ಬಾವಿ ಕೊರೆತದಲ್ಲಿ ಎಂಎಸ್‌ಇ ಲೆಕ್ಕ

ಬಿಟ್ (ಪೈಪ್ ಸಾಲಿನ ತುದಿಯಲ್ಲಿ ಕಲ್ಲು ಕೊರೆಯುವ ತಲೆ) ನಡುಗಲು ಶುರುವಾಯಿತೆಂದರೆ ಡ್ರಿಲ್ಲರ್, ಅಂದರೆ ಕೊರೆತ ನಡೆಸುವವನು, ಮೊದಲು ಮಾಡುವ ಕೆಲಸ ಅದರ ಮೇಲಿನ ತೂಕ ಇಳಿಸುವುದು. ಗಟ್ಟಿ ಕಲ್ಲು ಸಿಕ್ಕಿದೆ, ನಿಧಾನಕ್ಕೆ ಹೋಗೋಣ, ಬಿಟ್ ಉಳಿಸಿಕೊಳ್ಳೋಣ ಎಂಬ ಲೆಕ್ಕ. ಕೆಲವು ಸಲ ಇದು ಸರಿ. ಇನ್ನು ಕೆಲವು ಸಲ, ಅದರಲ್ಲೂ ಗಟ್ಟಿ ಬಂಡೆಯಲ್ಲಿ, ಬಿಟ್‌ನ ಕಟರ್ (ಕಲ್ಲು ಕತ್ತರಿಸುವ ಹಲ್ಲು) ಮುರಿಯುವುದೇ ತೂಕ ಇಳಿಸಿದ್ದರಿಂದ. ಈಗ ನಡೆಯುತ್ತಿರುವುದು ಎರಡರಲ್ಲಿ ಯಾವುದು ಅಂತ ಮೂರು ಕಿಲೋಮೀಟರ್ ಮೇಲೆ ಕುಳಿತು ಹೇಳುವುದು ಹೇಗೆ? ಕೊರೆತದ ವೇಗ ಹೆಚ್ಚಿಸಲು ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯಲ್ಲಿ ನನಗೆ ಅತ್ಯಂತ ಉಪಯುಕ್ತ ಅನ್ನಿಸುವ ಭಾಗ ಈ ಪ್ರಶ್ನೆಗೆ ಎಂಎಸ್‌ಇ, ಅಂದರೆ ಕಲ್ಲು ತೆಗೆಯಲು ಖರ್ಚಾಗುವ ಶಕ್ತಿಯ ಲೆಕ್ಕದಿಂದ ಉತ್ತರ ಹುಡುಕಿದ್ದು. ಹೊಸ ಯಂತ್ರಗಳ ಕಥೆ ಆಮೇಲಿನದು.

ನಮ್ಮ ಕಡೆ ಕೊರೆತ ಅಂದರೆ ಎಲ್ಲರಿಗೂ ಗೊತ್ತಿರುವುದು ಬೋರ್‌ವೆಲ್ ಲಾರಿ. ಆರೂವರೆ ಇಂಚಿನ ಬಿಟ್, ಕಂಪ್ರೆಸರ್ ಗಾಳಿಗೆ ಬಡಿಯುವ ಹ್ಯಾಮರ್, ಬಾಯಿಯಿಂದ ಹಾರುವ ಧೂಳು. ಎಣ್ಣೆ ಬಾವಿಯಲ್ಲಿ ಸಾಮಾನ್ಯವಾಗಿ ಹೀಗೆ ಕೊರೆಯಲು ಬರುವುದಿಲ್ಲ. ತೂತಿನ ತುಂಬ ಮಡ್ (ಪಂಪ್ ಮಾಡಿ ಹರಿಸುವ ಭಾರದ ದ್ರವ) ಇರಬೇಕು, ಇಲ್ಲದಿದ್ದರೆ ಪದರದೊಳಗಿನ ಎಣ್ಣೆ, ಅನಿಲ ಒಳಗೆ ನುಗ್ಗಿ ಮೇಲಕ್ಕೆ ಬರುತ್ತದೆ. ಗ್ಯಾಲನ್‌ಗೆ 10 ಪೌಂಡ್ ತೂಗುವ ಮಡ್ 10,000 ಅಡಿ ಆಳದಲ್ಲಿ 5,200 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಹಾಕುತ್ತದೆ (10 × 0.052 × 10,000). ಬಾವಿಯನ್ನು ಕಾಯುವ ಇದೇ ಒತ್ತಡ ಕೊರೆಯುವವರಿಗೆ ಕಾಟವನ್ನೂ ಕೊಡುತ್ತದೆ. ತಳದ ಬಂಡೆಯನ್ನು ಅದುಮಿ ಹಿಡಿಯುವುದರಿಂದ, ಲ್ಯಾಬಿಗೆ ತಂದು ಬರಿದೇ ಒತ್ತಿ ನೋಡಿದಾಗ ತೋರುವುದಕ್ಕಿಂತ ಅದು ಅಲ್ಲಿ ಬಹಳ ಗಟ್ಟಿಯಾಗಿರುತ್ತದೆ. ಕತ್ತರಿಸಿದ ಚೂರು ಕೂಡ ಮೇಲೇಳದೆ ತಳಕ್ಕೇ ಅಂಟಿ ಕೂರುತ್ತದೆ.

ಈಗ ಎಣ್ಣೆ ಬಾವಿಗಳ ಬಹುಪಾಲು ಕೊರೆತ ವಜ್ರದ ಕಟರ್ ಇರುವ ಪಿಡಿಸಿ ಬಿಟ್‌ನದು. ವಜ್ರದ ಪುಡಿಯನ್ನು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖ, 5ರಿಂದ 6 ಗಿಗಾಪ್ಯಾಸ್ಕಲ್ ಒತ್ತಡದಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಬಿಲ್ಲೆಯ ಮೇಲೆ ಬೆಸೆದು ಇದರ ಕಟರ್ ಮಾಡುತ್ತಾರೆ. ವ್ಯಾಸ ಸಾಮಾನ್ಯವಾಗಿ 13, 16 ಇಲ್ಲವೇ 19 ಮಿಲಿಮೀಟರ್. ಮೇಲಿನ ವಜ್ರದ ಪದರ ಎರಡು ಮೂರು ಮಿಲಿಮೀಟರ್ ದಪ್ಪ. ಇದು ಕಲ್ಲನ್ನು ಬಡಿದು ಒಡೆಯುವುದಿಲ್ಲ, ಕೆತ್ತಿ ಎಬ್ಬಿಸುತ್ತದೆ. ಸವೆತ ತಡೆಯುವುದರಲ್ಲಿ ಇದಕ್ಕೆ ಸಮನಿಲ್ಲ, ಏಟು ತಡೆಯುವುದರಲ್ಲಿ ಮಾತ್ರ ಬಹಳ ನಾಜೂಕು. ಶಾಖಕ್ಕೂ ಹೆದರುತ್ತದೆ: ವಜ್ರದ ಹರಳುಗಳ ನಡುವೆ ಉಳಿದ ಕೋಬಾಲ್ಟ್ ವಜ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, 700 ಡಿಗ್ರಿ ದಾಟಿದ ಮೇಲೆ ಒಳಗಿನಿಂದಲೇ ಸೀಳತೊಡಗುತ್ತದೆ. 2000ರ ದಶಕದ ಆರಂಭದಿಂದ ಕಟರ್‌ನ ಮೇಲ್ಪದರದ ಕೋಬಾಲ್ಟನ್ನು ಆಮ್ಲದಲ್ಲಿ ತೊಳೆದು ತೆಗೆಯುವ ಪದ್ಧತಿ ಬಂದ ಮೇಲೆ ಶಾಖದ ಸಮಸ್ಯೆ ಎಷ್ಟೋ ಕಡಿಮೆಯಾಯಿತು. ಏಟಿನ ಸಮಸ್ಯೆ ಹಾಗೇ ಉಳಿಯಿತು.

ಲೆಕ್ಕ

ಒಂದು ಘನ ಇಂಚು ಕಲ್ಲು ತೆಗೆಯಲು ಎಷ್ಟು ಶಕ್ತಿ ಖರ್ಚಾಗುತ್ತಿದೆ? ಇದನ್ನು ಅಳತೆಗೋಲಾಗಿ ಇಟ್ಟುಕೊಂಡವರು ಆರ್. ಟೀಲ್. 1965ರ ಅವರ ಪ್ರಬಂಧ ಎಣ್ಣೆ ಬಾವಿಯ ಕುರಿತದ್ದಲ್ಲ, ಗಣಿ ಕೆಲಸದ ಬಂಡೆ ಕೊರೆತದ ಕುರಿತದ್ದು. ಕೊರೆತ ಚೆನ್ನಾಗಿ ನಡೆಯುವಾಗ ಈ ಶಕ್ತಿಯ ಕನಿಷ್ಠ ಮಟ್ಟ ಬಂಡೆಯ ಒತ್ತುಬಲದ ಆಸುಪಾಸಿಗೆ ಬಂದು ನಿಲ್ಲುತ್ತದೆ ಎಂದು ಅವರು ತೋರಿಸಿದರು. ಎಣ್ಣೆ ಉದ್ಯಮ ಇದನ್ನು ರಿಗ್‌ನ, ಅಂದರೆ ಕೊರೆಯುವ ಯಂತ್ರದ, ದಿನನಿತ್ಯದ ಪರದೆಗೆ ತಂದದ್ದು ನಲವತ್ತು ವರ್ಷ ಕಳೆದ ಮೇಲೆ. 2005ರಲ್ಲಿ ಎಕ್ಸಾನ್‌ಮೊಬಿಲ್‌ನ ಫ್ರೆಡ್ ಡುಪ್ರೀಸ್ಟ್, ವಿಲಿಯಂ ಕೋಡರಿಟ್ಸ್ ಜೊತೆ ಸೇರಿ ಬರೆದ ಪ್ರಬಂಧ ಬಂದ ಮೇಲೆ ಎಂಎಸ್‌ಇ, ಅಂದರೆ ಕಲ್ಲಿನ ಪ್ರತಿ ಗಾತ್ರಕ್ಕೆ ಖರ್ಚಾದ ಯಾಂತ್ರಿಕ ಶಕ್ತಿ, ಡ್ರಿಲ್ಲರ್‌ಗಳ ಬಾಯಿಗೆ ಬಂತು.

ಸೂತ್ರದಲ್ಲಿ ಎರಡು ತುಂಡು. ಮೊದಲನೆಯದು ಬಿಟ್ ಮೇಲಿನ ತೂಕವನ್ನು ತೂತಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು. ಎರಡನೆಯದು 120 × ಪೈ × ಆರ್‌ಪಿಎಂ (ನಿಮಿಷಕ್ಕೆ ಸುತ್ತು) × ಟಾರ್ಕ್ (ತಿರುಗಿಸುವ ಬಲ), ಇದನ್ನು ವಿಸ್ತೀರ್ಣ × ವೇಗದಿಂದ ಭಾಗಿಸಿದ್ದು. ತೂಕ ಪೌಂಡಿನಲ್ಲಿ, ಟಾರ್ಕ್ ಅಡಿ-ಪೌಂಡಿನಲ್ಲಿ, ವೇಗ ಗಂಟೆಗೆ ಅಡಿಯಲ್ಲಿ, ವಿಸ್ತೀರ್ಣ ಚದರ ಇಂಚಿನಲ್ಲಿ ಇದ್ದರೆ ಉತ್ತರ ಪಿಎಸ್‌ಐನಲ್ಲಿ ಬರುತ್ತದೆ. 120 ಪೈ ಎಂಬುದರಲ್ಲಿ ಗುಟ್ಟೇನಿಲ್ಲ: ಒಂದು ಸುತ್ತಿಗೆ 2 ಪೈ, ಗಂಟೆಗೆ 60 ನಿಮಿಷ.

ಎಂಟೂವರೆ ಇಂಚಿನ ಬಿಟ್ ತೆಗೆದುಕೊಳ್ಳಿ. ವಿಸ್ತೀರ್ಣ 56.7 ಚದರ ಇಂಚು. ತೂಕ 20,000 ಪೌಂಡ್ (ಸುಮಾರು 9 ಟನ್), 120 ಆರ್‌ಪಿಎಂ, ಬಿಟ್‌ನಲ್ಲಿ ಟಾರ್ಕ್ 3,000 ಅಡಿ-ಪೌಂಡ್, ವೇಗ ಗಂಟೆಗೆ 60 ಅಡಿ. ಮೊದಲ ತುಂಡು ಬರೀ 352 ಪಿಎಸ್‌ಐ. ಎರಡನೆಯದು 39,860 ಪಿಎಸ್‌ಐ. ತೂಕದ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಕಲ್ಲು ತೆಗೆಯುವ ಶಕ್ತಿಯೆಲ್ಲ ತಿರುಗುವಿಕೆಯಿಂದ ಬರುವುದು. ಹಾಗಾದರೆ ತೂಕ ಯಾಕೆ? ಕಟರ್ ಕಲ್ಲಿನೊಳಗೆ ಇಳಿಯಲು. ಈ ಲೆಕ್ಕದಲ್ಲಿ ಬಿಟ್ ಒಂದು ಸುತ್ತಿಗೆ 0.1 ಇಂಚು, ಅಂದರೆ 2.5 ಮಿಲಿಮೀಟರ್ ಇಳಿಯುತ್ತಿದೆ. ಗಂಟೆಗೆ ಇಷ್ಟು ಅಡಿ ಎನ್ನುವುದಕ್ಕಿಂತ ಸುತ್ತಿಗೆ ಇಷ್ಟು ಮಿಲಿಮೀಟರ್ ಎಂದು ಯೋಚಿಸುವುದನ್ನು ರೂಢಿಸಿಕೊಂಡರೆ ಬಿಟ್‌ನ ಎಷ್ಟೋ ವರ್ತನೆ ತಾನಾಗಿ ಅರ್ಥವಾಗುತ್ತದೆ.

ಒಳ್ಳೆಯ ಬಿಟ್ ಕೂಡ ಹಾಕಿದ ಶಕ್ತಿಯಲ್ಲಿ ನೂರಕ್ಕೆ 30ರಿಂದ 40 ಭಾಗವನ್ನು ಮಾತ್ರ ಕಲ್ಲು ಒಡೆಯಲು ಬಳಸುತ್ತದೆ. ಅದಕ್ಕೇ ಎಂಎಸ್‌ಇಯನ್ನು 0.35ರಿಂದ ಗುಣಿಸಿ ಪರದೆಗೆ ಹಾಕುವ ರೂಢಿ ಇದೆ. ಆಗ ಅಂಕಿ ಬಂಡೆಯ ಬಲಕ್ಕೆ ಹತ್ತಿರವಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ಅಂಕಿ ಎಷ್ಟು ಎಂಬುದು ದೊಡ್ಡ ವಿಷಯವಲ್ಲ. ಏನೋ ಒಂದನ್ನು ಬದಲಿಸಿದಾಗ ಅದು ಏರಿತೋ ಇಳಿಯಿತೋ ಎಂಬುದಷ್ಟೇ ಬೇಕು.

ಅದೇ ಬಿಟ್‌ಗೆ ತೂಕ 25,000ಕ್ಕೆ ಏರಿಸಿದಿರಿ ಅನ್ನಿ. ಬಿಟ್ ಸರಿಯಾಗಿ ಕತ್ತರಿಸುತ್ತಿದ್ದರೆ ಟಾರ್ಕ್ 3,750 ಆಗಿ ವೇಗ 75ಕ್ಕೆ ಬರಬೇಕು, ಎಂಎಸ್‌ಇ 40,000ದ ಹತ್ತಿರವೇ ನಿಲ್ಲಬೇಕು. ಟಾರ್ಕ್ ಏರಿತು, ವೇಗ ಮಾತ್ರ 65ರಲ್ಲೇ ನಿಂತಿತು ಅನ್ನಿ: ಎಂಎಸ್‌ಇ 46,400. ಹಟ ಹಿಡಿದು 30,000ಕ್ಕೆ ಹೋದಿರಿ, ಟಾರ್ಕ್ 4,500 ಆಯಿತು, ವೇಗ 64ಕ್ಕೆ ಇಳಿಯಿತು: ಎಂಎಸ್‌ಇ 56,600. ಕಲ್ಲು ಬದಲಾಗಿಲ್ಲದಿದ್ದರೆ, ಹೆಚ್ಚಿಗೆ ಸುರಿದ ಶಕ್ತಿಯೆಲ್ಲ ಕಲ್ಲಿಗೆ ಹೋಗದೆ ಬೇರೆಲ್ಲೋ ಸೋರುತ್ತಿದೆ ಎಂದರ್ಥ. ವೇಗ ತೂಕಕ್ಕೆ ಸ್ಪಂದಿಸುವುದನ್ನು ಬಿಡುವ ಈ ಜಾಗವೇ ಫೌಂಡರ್ ಪಾಯಿಂಟ್.

ಅಲ್ಲಿಗೆ ಮುಟ್ಟಿದಾಗ ಎರಡು ಹೆಜ್ಜೆ ಹಿಂದೆ ಬಂದು, ಇನ್ನು ಈ ಬಾವಿ ಹೀಗೇ ಎಂದು ಕೊರೆಯುವುದು ಒಂದು ದಾರಿ. ಬಹಳ ಕಡೆ ನಡೆಯುವುದು ಇದೇ. ಸೋರಿಕೆ ಎಲ್ಲಿ ಎಂದು ಹುಡುಕಿ, ಅದನ್ನು ಮುಚ್ಚಿ, ಫೌಂಡರ್ ಪಾಯಿಂಟನ್ನೇ ಮೇಲಕ್ಕೆ ತಳ್ಳುವುದು ಇನ್ನೊಂದು ದಾರಿ. ವೇಗ ಸಿಗುವುದು ಅಲ್ಲಿ.

ಅಂಟು

ಜೇಡಿಗಲ್ಲಾದ ಶೇಲ್‌ನಲ್ಲಿ, ನೀರಿನ ಮಡ್‌ನಲ್ಲಿ ಮೊದಲ ಅನುಮಾನ ಬಿಟ್‌ಗೆ ಜೇಡಿ ಮೆತ್ತಿಕೊಂಡಿದೆಯೇ ಎಂಬುದು. ಕೋಲಿಗೆ ಮೆತ್ತಿದ ಮುದ್ದೆ ಹಿಟ್ಟಿನ ಹಾಗೆ ಕಟರ್ ಕೂರಿಸಿದ ಬ್ಲೇಡ್‌ಗಳ ನಡುವಿನ ಸಂದಿ ತುಂಬಿ, ಕಟರ್ ಕಲ್ಲನ್ನು ಮುಟ್ಟದೆ ಜೇಡಿಯೇ ತಳದ ಮೇಲೆ ಜಾರುತ್ತದೆ. ಗುರುತು: ತೂಕ ಹಾಕಿದರೂ ವೇಗ ಏರುವುದಿಲ್ಲ, ಟಾರ್ಕ್ ಕೂಡ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಮತ್ತು ನಯ, ಎಂಎಸ್‌ಇ ಮಾತ್ರ ಏರುತ್ತದೆ, ಕಂಪನ ಏನೂ ಇಲ್ಲ.

ಇದಕ್ಕೆ ಮದ್ದು ನಾಝಲ್‌ನಲ್ಲಿದೆ, ಅಂದರೆ ಬಿಟ್‌ನಿಂದ ಮಡ್ ಚಿಮ್ಮುವ ರಂಧ್ರದಲ್ಲಿ. ಆರು ನಾಝಲ್, ಒಂದೊಂದೂ ಇಂಚಿನ 32ರಲ್ಲಿ 12 ಭಾಗ ವ್ಯಾಸ: ಒಟ್ಟು ವಿಸ್ತೀರ್ಣ 0.663 ಚದರ ಇಂಚು. 10 ಪೌಂಡಿನ ಮಡ್ ನಿಮಿಷಕ್ಕೆ 500 ಗ್ಯಾಲನ್ ಹರಿದರೆ ಬಿಟ್‌ನಲ್ಲಿ 524 ಪಿಎಸ್‌ಐ ಇಳಿಯುತ್ತದೆ. ತಳದ ಪ್ರತಿ ಚದರ ಇಂಚಿಗೆ 2.7 ಹೈಡ್ರಾಲಿಕ್ ಅಶ್ವಶಕ್ತಿ ಸಿಗುತ್ತದೆ. ಅದೇ ಹರಿವನ್ನು ಐದೇ ನಾಝಲ್‌ನಿಂದ ಕಳಿಸಿದರೆ 755 ಪಿಎಸ್‌ಐ, 3.9 ಅಶ್ವಶಕ್ತಿ. ಒಂದು ನಾಝಲ್ ಕಡಿಮೆ ಮಾಡಿದ್ದಕ್ಕೆ ನಲವತ್ತಕ್ಕೂ ಹೆಚ್ಚು ಶೇಕಡಾ ಲಾಭ. ಆದರೆ ಪಂಪ್‌ಗೆ 230 ಪಿಎಸ್‌ಐ ಹೆಚ್ಚು ಹೊರೆ. ಮೋಟರ್ (ಮಡ್ ಹರಿವಿನಿಂದ ಬಿಟ್ ತಿರುಗಿಸುವುದು), ಎಂಡಬ್ಲ್ಯುಡಿ (ಕೊರೆಯುತ್ತಲೇ ಅಳೆಯುವ ಉಪಕರಣ), ಉದ್ದದ ಪೈಪ್ ಸಾಲು ಎಲ್ಲ ಒತ್ತಡ ತಿಂದ ಮೇಲೆ ಪಂಪ್‌ನಲ್ಲಿ ಅಷ್ಟು ಉಳಿದಿರಬೇಕು, ಈ ನಿರ್ಧಾರ ಬಿಟ್ ಇಳಿಸುವ ಮುಂಚೆಯೇ ಆಗಬೇಕು. ತಳಕ್ಕೆ ಹೋದ ಮೇಲೆ ಉಳಿದ ಉಪಾಯ ತೂಕ ಇಳಿಸುವುದು, ಹರಿವು ಏರಿಸುವುದು, ಬಿಟ್ಟನ್ನು ಸ್ವಲ್ಪ ಎತ್ತಿ ಜೋರಾಗಿ ತಿರುಗಿಸಿ ತೊಳೆಯುವುದು. ಎಣ್ಣೆ ಮಡ್‌ನಲ್ಲಿ ಈ ಪೀಡೆ ಹೆಚ್ಚು ಇಲ್ಲ.

ಇದರ ತಮ್ಮನೊಬ್ಬನಿದ್ದಾನೆ. ಗಟ್ಟಿ ಕಲ್ಲಿನಲ್ಲಿ, ಮಡ್ ಒತ್ತಡ ಪದರದ ಒತ್ತಡಕ್ಕಿಂತ ಬಹಳ ಹೆಚ್ಚಿದ್ದಾಗ, ನುಣ್ಣನೆ ಪುಡಿ ತಳದಲ್ಲೇ ಅದುಮಿಕೊಂಡು ಹಾಸಿನಂತೆ ಕೂರುತ್ತದೆ. ಬಿಟ್ ಶುಚಿಯಾಗಿರುತ್ತದೆ, ತಳ ಇರುವುದಿಲ್ಲ. ಮೇಲೆ ತೆಗೆದು ನೋಡಿದಾಗ ಬಿಟ್‌ನಲ್ಲಿ ಏನೂ ಸಿಗದ ಕಾರಣ ಇದನ್ನು ಸುಮ್ಮನೆ ಕಲ್ಲು ಗಟ್ಟಿ ಎಂದು ಬರೆದುಬಿಡುತ್ತಾರೆ.

ವರ್ಲ್

1989ರಲ್ಲಿ ಅಮೋಕೋ ಕಂಪನಿಯ ಬ್ರೆಟ್, ವಾರೆನ್, ಬೇರ್ ಎಂಬ ಮೂವರು ಪಿಡಿಸಿ ಬಿಟ್‌ಗಳು ಯಾಕೆ ಒಡೆಯುತ್ತವೆ ಎಂಬುದಕ್ಕೆ ಹೊಸ ಕಾರಣ ಮುಂದಿಟ್ಟರು. ಅಲ್ಲಿಯವರೆಗೆ ಕಲ್ಲು ಗಟ್ಟಿ, ಶಾಖ ಹೆಚ್ಚು, ವಜ್ರ ತಡೆಯಲಿಲ್ಲ ಎಂಬ ವಿವರಣೆ ನಡೆಯುತ್ತಿತ್ತು. ಅವರು ಹೇಳಿದ್ದು ಬೇರೆ: ಬಿಟ್ ತನ್ನ ನಡುವಿನ ಸುತ್ತ ತಿರುಗುತ್ತಿಲ್ಲ. ತೂತಿನ ಗೋಡೆಗೆ ಒರಗಿಕೊಂಡು, ಗೋಡೆಯ ಮೇಲೆ ಉರುಳುತ್ತ, ತಿರುಗುವ ಕೇಂದ್ರವೇ ಅಲೆದಾಡುತ್ತಿದೆ. ಇದೇ ವರ್ಲ್. ಆಗ ಕೆಲವು ಕಟರ್‌ಗಳು ಹಿಂದಕ್ಕೂ, ಪಕ್ಕಕ್ಕೂ ಚಲಿಸುತ್ತವೆ, ಸುತ್ತಿನ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕಲ್ಲಿಗೆ ಬಡಿಯುತ್ತವೆ. ವಜ್ರದ ಪದರಕ್ಕೆ ಹಿಂಬದಿಯ ಏಟಿಗೆ ಆಸರೆಯೇ ಇಲ್ಲ. ಚಕ್ಕೆ ಏಳುತ್ತದೆ, ಎದ್ದ ಜಾಗದಲ್ಲಿ ಕಾರ್ಬೈಡ್ ಉಜ್ಜುತ್ತದೆ, ಉಜ್ಜಿ ಕಾಯುತ್ತದೆ. ಮೇಲೆ ಬಂದಾಗ ಕಾಣುವುದು ಸುಟ್ಟು ಸವೆದ ಬಿಟ್. ಮೊದಲ ಏಟಿನ ಗುರುತು ಅದರಡಿ ಅಳಿಸಿಹೋಗಿರುತ್ತದೆ.

ಈಗ ತೂಕದ ಪ್ರಶ್ನೆಗೆ ಬನ್ನಿ. ಬಿಟ್ಟನ್ನು ನಡುವಿನಲ್ಲಿ ಹಿಡಿದಿಡುವುದು ಏನು? ಕಟರ್‌ಗಳು ಕಲ್ಲಿನಲ್ಲಿ ತೋಡಿದ ಜಾಡುಗಳು. ಸುತ್ತಿಗೆ ಎರಡು ಮೂರು ಮಿಲಿಮೀಟರ್ ಇಳಿದಿದ್ದರೆ ಜಾಡಿನ ಅಂಚು ಬಿಟ್ಟನ್ನು ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಅರ್ಧ ಮಿಲಿಮೀಟರ್ ಮಾತ್ರ ಇಳಿದಿದ್ದರೆ ಹಿಡಿತವೇ ಇಲ್ಲ, ಸಣ್ಣ ಅಸಮತೋಲನಕ್ಕೇ ಅಲೆಯಲು ಶುರುಮಾಡುತ್ತದೆ. ಗಟ್ಟಿ ಕಲ್ಲಿನಲ್ಲಿ ಅದೇ ತೂಕಕ್ಕೆ ಕಟರ್ ಕಡಿಮೆ ಇಳಿಯುತ್ತದೆ, ವರ್ಲ್ ಶುರುವಾಗುತ್ತದೆ. ಕಂಪನ ಕಂಡು ತೂಕ ಇಳಿಸಿದರೆ ಇನ್ನೂ ಕಡಿಮೆ ಇಳಿಯುತ್ತದೆ, ವರ್ಲ್ ಜೋರಾಗುತ್ತದೆ. ಮಾಡಬೇಕಾದ್ದು ಇದಕ್ಕೆ ವಿರುದ್ಧ: ತೂಕ ಏರಿಸಿ, ಆರ್‌ಪಿಎಂ ಇಳಿಸಿ. ತೂಕ ಏರಿಸಿದಾಗ ಎಂಎಸ್‌ಇ ಇಳಿದರೆ ಅದು ವರ್ಲ್ ಆಗಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಮೇಲಿನಿಂದ ಸಿಗುವುದಿಲ್ಲ.

ತಳ ಬಿಟ್ಟು ಮೇಲಿದ್ದಾಗ ಕೂಡ ಬಿಟ್ ವರ್ಲ್ ಆಗುತ್ತದೆ, ಆಗ ಹಿಡಿದುಕೊಳ್ಳಲು ಜಾಡೇ ಇಲ್ಲವಲ್ಲ. ಪೈಪ್ ಜೋಡಿಸಿದ ಮೇಲೆ 120 ಆರ್‌ಪಿಎಂನಲ್ಲಿ ತಿರುಗಿಸುತ್ತ, ಮೆಲ್ಲಮೆಲ್ಲಗೆ ತಳ ಮುಟ್ಟಿಸಿ, ಹತ್ತು ನಿಮಿಷ ತೆಗೆದುಕೊಂಡು ತೂಕ ಏರಿಸುವ ಪದ್ಧತಿ ನೋಡಲು ಜಾಗರೂಕತೆ ಅನ್ನಿಸುತ್ತದೆ. ಅಷ್ಟು ಹೊತ್ತೂ ಬಿಟ್ ಅತ್ಯಂತ ಅಪಾಯದ ಸ್ಥಿತಿಯಲ್ಲೇ ಇರುತ್ತದೆ. ತಳದಿಂದ ಮೇಲಿದ್ದಾಗ ಆರ್‌ಪಿಎಂ 60ರೊಳಗೆ ಇಟ್ಟು, ಮುಟ್ಟಿದ ಕೂಡಲೇ ತೂಕವನ್ನು ಬೇಗ ಏರಿಸಿ, ಕಟರ್ ಕಚ್ಚಿದ ಮೇಲೆ ಆರ್‌ಪಿಎಂ ಹೆಚ್ಚಿಸುವುದು ಮೇಲು. ಹೊಚ್ಚ ಹೊಸ ಬಿಟ್ ಮೊದಲ ಸಲ ತಳ ಮುಟ್ಟುವಾಗ ಮಾತ್ರ ಹಿಂದಿನ ಬಿಟ್‌ನ ತಳದ ಆಕಾರಕ್ಕೆ ಹೊಂದಿಕೊಳ್ಳಲು ಮೊದಲ ಒಂದೆರಡು ಅಡಿ ಹಗುರವಾಗಿ ಕೊರೆಯುವುದು ಸರಿ.

ಸ್ಟಿಕ್-ಸ್ಲಿಪ್

ಸ್ಟಿಕ್-ಸ್ಲಿಪ್ ಅಂದರೆ ಬಿಟ್ ಸಿಕ್ಕಿ ನಿಲ್ಲುವುದು, ಆಮೇಲೆ ಜಾರಿ ಹಾರುವುದು. ಇದರ ಮದ್ದು ವರ್ಲ್‌ನ ಮದ್ದಿಗೆ ಪೂರ್ತಿ ಉಲ್ಟಾ, ಅದಕ್ಕೇ ಗೊಂದಲ. ಮೇಲೆ ಪೈಪ್ ಸಾಲನ್ನು ತಿರುಗಿಸುವ ಟಾಪ್ ಡ್ರೈವ್ ಹದವಾಗಿ 120ರಲ್ಲಿ ತಿರುಗುತ್ತಿರುತ್ತದೆ. ಕೆಳಗೆ ಬಿಟ್ ಒಮ್ಮೆ ನಿಂತೇಹೋಗುತ್ತದೆ, ಪೈಪ್ ಸಾಲು ಮುರಿಗೆಯಾಗುತ್ತ ಟಾರ್ಕ್ ಕೂಡಿಕೊಳ್ಳುತ್ತದೆ, ಹಿಡಿತ ತಪ್ಪಿದಾಗ ಬಿಟ್ 300 ಆರ್‌ಪಿಎಂ ದಾಟಿ ಹಾರುತ್ತದೆ, ಮತ್ತೆ ನಿಲ್ಲುತ್ತದೆ. ಉಕ್ಕಿನಲ್ಲಿ ತಿರುಚಿನ ಅಲೆ ಸೆಕೆಂಡಿಗೆ ಸುಮಾರು 3,200 ಮೀಟರ್ ಸಾಗುತ್ತದೆ. 4,000 ಮೀಟರ್ ಸಾಲಿನಲ್ಲಿ ಅದು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಸಾಗಿದರೆ ಒಂದು ಆವರ್ತ: 5 ಸೆಕೆಂಡ್. ಕೆಳಗಿನ ಕಾಲರ್ ಎಂಬ ಭಾರದ ಪೈಪ್‌ಗಳಿಂದ ಇನ್ನೂ ಸ್ವಲ್ಪ ಹೆಚ್ಚು. ಮೇಲಿನ ಟಾರ್ಕ್ ಗೆರೆ ಈ ಲಯಕ್ಕೆ ಸರಿಯಾಗಿ ಏರಿಳಿಯುತ್ತಿದ್ದರೆ ಬೇರೆ ಪುರಾವೆ ಬೇಡ. ಪರದೆಯಲ್ಲಿ ದತ್ತಾಂಶ 10 ಸೆಕೆಂಡಿಗೊಮ್ಮೆ ಮಾತ್ರ ಬರುತ್ತಿದ್ದರೆ ಇದು ಕಾಣುವುದೇ ಇಲ್ಲ ಎಂಬುದನ್ನು ಮರೆಯಬಾರದು; ಸೆಕೆಂಡಿಗೊಂದಾದರೂ ಬೇಕು.

ಇಲ್ಲಿ ಆರ್‌ಪಿಎಂ 10ರಿಂದ 20 ಏರಿಸಿ, ತೂಕ ಹತ್ತು ಶೇಕಡಾದಷ್ಟು ಇಳಿಸಬೇಕು. ಹೀಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ವರ್ಲ್‌ನ ಬಾಯಿಗೆ ಬೀಳುತ್ತೀರಿ. ಎರಡರ ನಡುವಿನ ಓಣಿ ಗಟ್ಟಿ ಕಲ್ಲಿನಲ್ಲಿ ಬಹಳ ಕಿರಿದು. ಓಣಿ ಅಗಲಿಸಲು ಡ್ರಿಲ್ಲರ್ ಕೈಯಲ್ಲಿ ಏನೂ ಇಲ್ಲ, ವಿನ್ಯಾಸ ಬದಲಾಗಬೇಕು. ಟಾರ್ಕ್ ಅಲೆ ಮೇಲೆ ಬಂದಾಗ ಅದನ್ನು ವಾಪಸ್ ಕಳಿಸದೆ ಟಾಪ್ ಡ್ರೈವೇ ಹೀರಿಕೊಳ್ಳುವಂತೆ ನಡೆಸುವ ಉಪಾಯವನ್ನು 1988ರಲ್ಲೇ ಹಾಲ್ಸಿ, ಕಿಲ್ಲಿಂಗ್‌ಸ್ಟಾಡ್, ಕಿಲ್ಲಿಂಗ್ ಪ್ರಕಟಿಸಿದ್ದರು. ಈಗ ಅದರ ಬೇರೆಬೇರೆ ರೂಪಗಳು ಸಾಫ್ಟ್‌ವೇರ್ ಆಗಿ ಬಹಳ ರಿಗ್‌ಗಳಲ್ಲಿವೆ. ಇದ್ದೂ ಆಫ್ ಮಾಡಿಟ್ಟಿರುವುದು, ಪೈಪ್ ಉದ್ದ ಬದಲಾದರೂ ಟ್ಯೂನ್ ಮಾಡದೆ ಬಿಟ್ಟಿರುವುದು, ಇವು ಮಾಮೂಲು. ಬಿಟ್‌ನ ಕಡೆಯಿಂದ, ಕಟರ್ ನಿಗದಿತ ಆಳಕ್ಕಿಂತ ಹೆಚ್ಚು ಇಳಿಯದಂತೆ ತಡೆಯುವ ಉಬ್ಬುಗಳನ್ನು ಬ್ಲೇಡ್ ಮೇಲೆ ಇಡುತ್ತಾರೆ. ಪೈಪನ್ನು ತೂತಿನ ನಡುವೆ ಹಿಡಿದಿಡುವ ಸ್ಟೆಬಿಲೈಸರ್ ಬದಲು ಉರುಳೆಗಳಿರುವ ರೋಲರ್ ರೀಮರ್ ಹಾಕಿದರೆ ಗೋಡೆಯ ಉಜ್ಜಾಟದ ಟಾರ್ಕ್ ಇಳಿಯುತ್ತದೆ. ಬಿಟ್‌ನ ಗೇಜ್ (ತೂತಿನ ಗೋಡೆಗೆ ತಾಗುವ ಪಕ್ಕದ ಭಾಗ) ಉದ್ದ ಮಾಡಿದರೆ ವರ್ಲ್ ತಗ್ಗುತ್ತದೆ, ತೂತು ಸುರುಳಿಯಾಗುವುದೂ ತಪ್ಪುತ್ತದೆ.

ಹೆಜ್ಜೆ ಪರೀಕ್ಷೆ

ಫೌಂಡರ್ ಪಾಯಿಂಟ್ ಎಲ್ಲಿದೆ ಎಂದು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸಲು ಹೊಸ ಉಪಕರಣವೇನೂ ಬೇಡ. ಹತ್ತಿರದ ಬಾವಿಯ ಗ್ಯಾಮಾ ಲಾಗ್ (ಕಲ್ಲಿನ ಸಹಜ ವಿಕಿರಣ ಅಳೆದು ಪದರ ಗುರುತಿಸುವ ದಾಖಲೆ) ನೋಡಿ, ಕಡಿಮೆಯೆಂದರೆ ಐವತ್ತು ಅಡಿ ಒಂದೇ ತರಹದ ಕಲ್ಲಿರುವ ಜಾಗ ಆರಿಸಿ. ಪೈಪ್ ಜೋಡಿಸಿದ ಮೇಲೆ ತಳದಿಂದ ಒಂದು ಮೀಟರ್ ಮೇಲಿಟ್ಟು, ಕೊರೆಯುವಾಗಿನ ಹರಿವಿನಲ್ಲಿ ಪಂಪ್ ಓಡಿಸಿ, ಪೈಪನ್ನು ನಿಧಾನವಾಗಿ ತಿರುಗಿಸುತ್ತ ತೂಕದ ಮಾಪಕವನ್ನು ಸೊನ್ನೆ ಮಾಡಿ. ತಳ ಮುಟ್ಟದಾಗಿನ ಟಾರ್ಕ್, ಪಂಪ್ ಒತ್ತಡ ಬರೆದುಕೊಳ್ಳಿ. ಈ ಟಾರ್ಕನ್ನು ಕಳೆಯದೆ ಲೆಕ್ಕ ಹಾಕಿದರೆ ಓರೆ ಬಾವಿಯಲ್ಲಿ ಎಂಎಸ್‌ಇ ಅಸಂಬದ್ಧವಾಗಿ ದೊಡ್ಡದಾಗಿ ಬರುತ್ತದೆ. ಪಂಪ್ ನಿಲ್ಲಿಸಿ ಸೊನ್ನೆ ಮಾಡಿ ಆಮೇಲೆ ಪಂಪ್ ಹಾಕಿ ಕೊರೆಯುವುದು ಸಾಮಾನ್ಯ ತಪ್ಪು. ಆಗ ಹಾಕಿದ್ದೇವೆ ಅಂದುಕೊಂಡ ತೂಕವೇ ಬೇರೆ, ಬಿಟ್‌ಗೆ ಸಿಕ್ಕಿದ್ದೇ ಬೇರೆ.

ಪೈಪ್ ಸಾಲನ್ನು ತಾನೇ ಇಳಿಸುವ ಆಟೋಡ್ರಿಲ್ಲರ್‌ನಲ್ಲಿ ವೇಗದ ಮಿತಿ, ಮೋಟರ್ ಒತ್ತಡದ ಮಿತಿ ಎರಡನ್ನೂ ಪರೀಕ್ಷೆಗೆ ಅಡ್ಡ ಬಾರದಷ್ಟು ಮೇಲಿಡಿ, ತೂಕದ ಮೇಲೆ ಮಾತ್ರ ಓಡಲಿ. ಆರ್‌ಪಿಎಂ 120ರಲ್ಲಿ ನಿಲ್ಲಿಸಿ 10,000 ಪೌಂಡಿನಿಂದ ಶುರುಮಾಡಿ 5,000ದ ಹೆಜ್ಜೆಯಲ್ಲಿ ಏರಿ. ಪ್ರತಿ ಹೆಜ್ಜೆಗೆ ಮೂರರಿಂದ ಐದು ನಿಮಿಷ. ಇಲ್ಲಿ ಆತುರ ಬೇಡ, ಕಾರಣ ಪೈಪ್ ಸಾಲು ಸ್ಪ್ರಿಂಗ್. 10,000 ಅಡಿಯ ಐದು ಇಂಚಿನ ಪೈಪ್ ಸಾಲಿನಿಂದ 5,000 ಪೌಂಡ್ ಎಳೆತ ಕಡಿಮೆಯಾದರೆ ಉದ್ದ ಸುಮಾರು 3.8 ಇಂಚು ಕುಗ್ಗುತ್ತದೆ. ಬಿಟ್ ಒಂದು ಕೂದಲೆಳೆಯೂ ಇಳಿಯದೆ ಮೇಲೆ ಪೈಪ್ ಸಾಲನ್ನು ಹೊತ್ತ ಬ್ಲಾಕ್ 3.8 ಇಂಚು ಇಳಿದಿರುತ್ತದೆ, ಕಂಪ್ಯೂಟರ್ ಅದನ್ನೂ ಕೊರೆತ ಎಂದೇ ಎಣಿಸುತ್ತದೆ. ಗಂಟೆಗೆ 60 ಅಡಿಯ ವೇಗದಲ್ಲಿ ಇದು 19 ಸೆಕೆಂಡಿನ ಕೊರೆತಕ್ಕೆ ಸಮ. ಹಾಗಾಗಿ ಹೆಜ್ಜೆ ಬದಲಿಸಿದ ಮೊದಲ ಒಂದು ನಿಮಿಷದ ಅಂಕಿಗಳನ್ನು ಬಿಟ್ಟುಬಿಡಿ.

ಎಂಎಸ್‌ಇ ಇಳಿಯುತ್ತಿದ್ದರೆ ಅಥವಾ ಸಮವಾಗಿದ್ದರೆ ಮುಂದಿನ ಹೆಜ್ಜೆ. ಏರಿದರೆ ಒಂದು ಹೆಜ್ಜೆ ಹಿಂದೆ. ಆಮೇಲೆ ತೂಕ ಹಾಗೇ ಇಟ್ಟು ಆರ್‌ಪಿಎಂ 120, 140, 160. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ. ಮೋಟರ್ ಇದ್ದರೆ ಬಿಟ್‌ನ ಆರ್‌ಪಿಎಂಗೆ ಮೋಟರ್‌ನದನ್ನೂ ಕೂಡಿಸಿ: ಗ್ಯಾಲನ್‌ಗೆ 0.3 ಸುತ್ತಿನ ಮೋಟರ್‌ಗೆ 500 ಗ್ಯಾಲನ್ ಹೋದರೆ 150 ಸುತ್ತು ಅದರದೇ. ಆಗ ಬಿಟ್ ಟಾರ್ಕನ್ನು ಮೇಲಿನ ಟಾರ್ಕಿನಿಂದ ಅಲ್ಲ, ಮೋಟರ್‌ನ ಒತ್ತಡ ವ್ಯತ್ಯಾಸದಿಂದ ಲೆಕ್ಕ ಹಾಕಬೇಕು.

ಮೇಲೆ ಬಂದ ಬಿಟ್

ಬಿಟ್ ಮೇಲೆ ಬಂದಾಗ ಸವೆತಕ್ಕೆ ಬರೀ 0ಯಿಂದ 8ರ ಅಂಕ ಕೊಟ್ಟು ಫಾರಂ ತುಂಬಿ ಪೆಟ್ಟಿಗೆಗೆ ಹಾಕಿದರೆ ಅರ್ಧ ಮಾಹಿತಿ ಪೆಟ್ಟಿಗೆಗೇ ಹೋಯಿತು. ತೊಳೆದು, ಪ್ರತಿ ಬ್ಲೇಡಿನ ಪ್ರತಿ ಕಟರ್‌ನ ಫೋಟೋ ತೆಗೆಯಬೇಕು. ಭುಜದ (ಹೊರ ಅಂಚಿನ) ಭಾಗದ ಕಟರ್‌ಗಳಲ್ಲಿ ಚಕ್ಕೆ ಎದ್ದಿದ್ದು ಮೂಗು (ಅತಿ ಮುಂದಿರುವ ಭಾಗ), ಒಳಕೋನ (ನಡುವಿನ ತಗ್ಗು) ಸರಿಯಿದ್ದರೆ ಅನುಮಾನ ವರ್ಲ್ ಮೇಲೆ. ಹೆಚ್ಚು ವೇಗದಲ್ಲಿ ಓಡುವವು ಭುಜದವು. ಮೂಗು ಅಥವಾ ಒಳಕೋನ ಒಡೆದಿದ್ದರೆ ಮೆತ್ತನೆ ಪದರದಿಂದ ಗಟ್ಟಿ ಪದರಕ್ಕೆ ನುಗ್ಗುವಾಗ ತೂಕವೆಲ್ಲ ನಾಲ್ಕಾರು ಕಟರ್ ಮೇಲೆ ಬಿದ್ದಿರಬೇಕು. ಚಕ್ಕೆಯೇ ಇಲ್ಲದೆ ನಯವಾಗಿ ಸವೆದಿದ್ದರೆ ಮಾತ್ರ ಮರಳುಗಲ್ಲು ತಿಂದಿದೆ ಎನ್ನಬಹುದು, ಆಗ ಮುಂದಿನ ಬಿಟ್‌ಗೆ ಹೆಚ್ಚು ಬ್ಲೇಡ್ ಕೇಳಬಹುದು. ವರ್ಲ್‌ನಿಂದ ಮುರಿದದ್ದನ್ನು ಸವೆತ ಎಂದು ಬರೆದರೆ ಮುಂದಿನ ಬಾವಿಗೆ ಬರುವುದು ಹೆಚ್ಚು ಕಟರ್‌ಗಳ ಬಿಟ್. ತೂಕ ಅಷ್ಟೂ ಕಟರ್‌ಗಳಿಗೆ ಹಂಚಿ ಒಂದೊಂದೂ ಇನ್ನೂ ಕಡಿಮೆ ಇಳಿಯುತ್ತದೆ, ಮತ್ತೆ ವರ್ಲ್.

ಗ್ರಾನೈಟ್‌ನಲ್ಲಿ ಪಿಡಿಸಿ

ಈ ವಿಚಾರಗಳಿಗೆ ಒಳ್ಳೆಯ ಪರೀಕ್ಷೆ ನಡೆದದ್ದು ಎಣ್ಣೆ ಬಾವಿಯಲ್ಲಲ್ಲ, ಅಮೆರಿಕದ ಯೂಟಾ ರಾಜ್ಯದ ಮಿಲ್ಫೋರ್ಡ್ ಹತ್ತಿರದ ಫೋರ್ಜ್ ಎಂಬ ಭೂಶಾಖ ಸಂಶೋಧನಾ ತಾಣದಲ್ಲಿ. ಅಲ್ಲಿನ 16ಎ(78)-32 ಬಾವಿಯ ಕೆಲಸ 2020ರ ಅಕ್ಟೋಬರ್ ಕೊನೆಗೆ ಶುರುವಾಗಿ ಹೊಸ ವರ್ಷದ ಆರಂಭಕ್ಕೆ ಮುಗಿಯಿತು: ಉದ್ದ 10,987 ಅಡಿ, ಲಂಬದಿಂದ 65 ಡಿಗ್ರಿ ಓರೆ, ಬಹುಪಾಲು ಗ್ರಾನೈಟ್ ಜಾತಿಯ ಕಲ್ಲು, ತಳದಲ್ಲಿ 220 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ. ಇಂಥ ಕಲ್ಲಿಗೆ ಉರುಳುವ ಹಲ್ಲುಗಾಲಿಗಳ ರೋಲರ್ ಕೋನ್ ಬಿಟ್ಟೇ ಗತಿ ಎಂಬ ನಂಬಿಕೆ ಬಹುಕಾಲದ್ದು. ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯದ ಸ್ಯಾಮ್ ನಾಯ್ನಾರ್ಟ್ ಮತ್ತು ಅಲ್ಲಿಗೆ ಬಂದಿದ್ದ ಡುಪ್ರೀಸ್ಟ್ ರಿಗ್‌ನವರಿಗೆ ತರಬೇತಿ ಕೊಟ್ಟು, ಪಿಡಿಸಿ ಬಿಟ್‌ಗಳನ್ನು ಎಂಎಸ್‌ಇ ನೋಡಿಕೊಂಡು ಓಡಿಸಿದರು. ಪ್ರತಿ ಬಿಟ್ ಮೇಲೆ ಬಂದಾಗ ಹಾನಿ ಓದಿ, ಮುಂದಿನದರ ತೂಕ, ಆರ್‌ಪಿಎಂ, ಕಟರ್ ವಿನ್ಯಾಸ ತಿದ್ದುತ್ತ ಹೋದರು. ಬಾವಿಯಿಂದ ಬಾವಿಗೆ ವೇಗ ಏರುತ್ತ ಹೋಯಿತು.

ಅದೇ ಕೌಂಟಿಯಲ್ಲಿ (ಅಲ್ಲಿನ ಜಿಲ್ಲೆ) ಫರ್ವೋ ಎನರ್ಜಿ ಎಂಬ ಭೂಶಾಖ ಕಂಪನಿ ಕೊರೆಯುತ್ತಿದೆ. 2024ರ ಫೆಬ್ರುವರಿಯಲ್ಲಿ ಅದು ಪ್ರಕಟಿಸಿದ ಲೆಕ್ಕದಂತೆ ಕೊರೆಯುವ ಸಮಯ ಹಿಂದಿನ ಯೋಜನೆಗಿಂತ ಶೇ. 70ರಷ್ಟು ಇಳಿದಿದೆ, ಅತಿ ವೇಗದ ಬಾವಿ 21 ದಿನದಲ್ಲಿ ಮುಗಿದಿದೆ, ಬಾವಿಯೊಂದರ ಕೊರೆತದ ಖರ್ಚು 94 ಲಕ್ಷ ಡಾಲರ್‌ನಿಂದ 48 ಲಕ್ಷಕ್ಕೆ ಬಂದಿದೆ. ಕಂಪನಿಯೇ ಕೊಟ್ಟ ಲೆಕ್ಕ ಎಂಬುದು ನೆನಪಿರಲಿ, ಇದರಲ್ಲಿ ಮೋಟರ್, ಮಡ್ ತಂಪು ಮಾಡುವ ವ್ಯವಸ್ಥೆಗಳ ಪಾಲೂ ಇದೆ. ಆದರೂ ಗ್ರಾನೈಟ್‌ಗೆ ಪಿಡಿಸಿ ಆಗದು ಎಂಬ ಮಾತನ್ನು ಇನ್ನು ಯಾರೂ ಗಟ್ಟಿಯಾಗಿ ಹೇಳಲಾರರು.

ಬಿಟ್ ಹೊರಗಿನ ತಡೆಗಳು

ಬಿಟ್ ಸರಿಹೋದ ಮೇಲೆ ವೇಗವನ್ನು ತಡೆಯುವುದು ಬೇರೆ ಯಾವುದೋ ಆಗಿರುತ್ತದೆ. ಹನ್ನೆರಡೂಕಾಲು ಇಂಚಿನ ತೂತನ್ನು ಗಂಟೆಗೆ 60 ಮೀಟರ್ ಕೊರೆದರೆ ನಾಲ್ಕೂವರೆ ಘನ ಮೀಟರ್, ಹನ್ನೊಂದು ಟನ್‌ಗೂ ಹೆಚ್ಚು ಕಲ್ಲು ಗಂಟೆಗಂಟೆಗೆ ಮೇಲೆ ಬರುತ್ತದೆ. ಶೇಕರ್ ಜರಡಿ ತುಂಬಿ ಮಡ್ ಹೊರಗೆ ಚೆಲ್ಲತೊಡಗಿದರೆ ಕೊರೆತ ನಿಲ್ಲಿಸಬೇಕಾದ್ದೇ. ಇನ್ನೊಂದು ತಡೆ ಅಭ್ಯಾಸ. ಪ್ರತಿ ಸ್ಟ್ಯಾಂಡ್ (ಜೋಡಿಸಿಟ್ಟ ಮೂರು ಪೈಪ್‌ಗಳ ಉದ್ದ) ಮುಗಿದಾಗ ಮೇಲೆ ಕೆಳಗೆ ಎರಡು ಸಲ ರೀಮ್ ಮಾಡುವ, ಅಂದರೆ ಬಿಟ್ ತಿರುಗಿಸುತ್ತ ತೂತನ್ನು ಸವರುವ ರೂಢಿ ಎಷ್ಟೋ ರಿಗ್‌ನಲ್ಲಿದೆ. 4,000 ಮೀಟರ್ ಬಾವಿಯಲ್ಲಿ ಸುಮಾರು 140 ಸ್ಟ್ಯಾಂಡ್. ಒಂದೊಂದಕ್ಕೆ ಹತ್ತು ನಿಮಿಷ ಅಂದರೆ 23 ಗಂಟೆ, ಹೆಚ್ಚುಕಡಿಮೆ ಒಂದು ದಿನದ ರಿಗ್ ಬಾಡಿಗೆ. ದಿನದ ವರದಿಯಲ್ಲಿ ಇದು ಕೊರೆತದ ಸಮಯದೊಳಗೇ ಸೇರಿಹೋಗುವುದರಿಂದ ನಷ್ಟ ಎಂದು ಯಾರ ಕಣ್ಣಿಗೂ ಬೀಳುವುದಿಲ್ಲ. ತೂತು ನಿಜವಾಗಿ ರೀಮಿಂಗ್ ಬೇಡುವ ಪದರದಲ್ಲಿ ಮಾಡಲಿ, ಉಳಿದ ಕಡೆ ಬೇಡ.

ಕೊನೆಗೆ, ಈಗ ಎಲ್ಲೆಡೆ ಬರುತ್ತಿರುವ ಮಷೀನ್ ಲರ್ನಿಂಗ್ ಪ್ರಬಂಧಗಳ ಬಗ್ಗೆ. ಹಳೆಯ ಬಾವಿಗಳ ತೂಕ, ಆರ್‌ಪಿಎಂ, ಹರಿವು ಕೊಟ್ಟು ವೇಗ ಊಹಿಸುವ ಮಾದರಿಗಳು ಬಹಳ ಇವೆ. ಅವುಗಳಿಗೆ ಉಣಿಸಿದ ದತ್ತಾಂಶದಲ್ಲಿ ಆಟೋಡ್ರಿಲ್ಲರ್ ಯಾವ ಮಿತಿಯ ಮೇಲೆ ಓಡುತ್ತಿತ್ತು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಡ್ರಿಲ್ಲರ್ ವೇಗದ ಮಿತಿಯನ್ನು ಗಂಟೆಗೆ 80 ಅಡಿಗೆ ಇಟ್ಟಿದ್ದರೆ ಯಂತ್ರ ತೂಕವನ್ನು ಬೇಕಾದಷ್ಟು ಏರಿಸಿ ಇಳಿಸಿ 80ನ್ನೇ ಕಾಯ್ದುಕೊಳ್ಳುತ್ತದೆ. ಮಾದರಿ ಅದನ್ನು ನೋಡಿ, ತೂಕಕ್ಕೂ ವೇಗಕ್ಕೂ ಸಂಬಂಧವಿಲ್ಲ ಅಥವಾ ತೂಕ ಹೆಚ್ಚಿದರೆ ಕಲ್ಲು ಗಟ್ಟಿ ಎಂದು ಕಲಿಯುತ್ತದೆ. ಇಂಥ ಮಾದರಿ ಕಟ್ಟುವವರು ಮೊದಲು ವೇಗದ ಹಿಸ್ಟೋಗ್ರಾಂ ಹಾಕಿ ನೋಡಬೇಕು. 80, 100, 120ರಂಥ ದುಂಡಗಿನ ಅಂಕಿಗಳ ಮೇಲೆ ಚೂಪಾದ ಶಿಖರಗಳು ಕಂಡರೆ ಅವು ಕಲ್ಲಿನ ಗುಣವಲ್ಲ, ಡ್ರಿಲ್ಲರ್ ಕ್ಯಾಬಿನ್‌ನಲ್ಲಿ ಒತ್ತಿದ ಗುಂಡಿಗಳು. ಅಷ್ಟು ಸಾಲುಗಳನ್ನು ಬೇರೆ ಮಾಡಿದ ಮೇಲೆ ಉಳಿದದ್ದರ ಮೇಲೆ ಮಾದರಿ ಕಟ್ಟಬೇಕು.